'ನಿಧಾನ' ಅಂತ ನಾನು ಬರೆದಿದ್ದ ಹುಡುಗಿ

ಎಂಟನೇ ಕ್ಲಾಸಿಗೆ ಹೊಸದಾಗಿ ಬರುವ ಮಕ್ಕಳಿಗಾಗಿ ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ಶಾಲೆ ಶುರುವಾದ ಎರಡು ವಾರದೊಳಗೆ ಪ್ರತಿ ಹೆಸರಿನ ಮುಂದೆ ಒಂದೆರಡು ಮಾತು ಬರೆದಿಡುತ್ತೇನೆ. ಚುರುಕು. ಮಗ್ಗಿ ಬರಲ್ಲ. ಅಕ್ಷರ ಚೆನ್ನಾಗಿದೆ. ಹೀಗೆ. 2022ರ ನೋಟ್‌ಬುಕ್ಕಿನಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ 'ನಿಧಾನ' ಅಂತ ಬರೆದಿದ್ದೆ. ಅದು ಹೊಗಳಿಕೆ ಆಗಿರಲಿಲ್ಲ.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನಾನು ಗಣಿತದ ಮೇಷ್ಟ್ರು. ಆ ಹುಡುಗಿಯ ಅಪ್ಪ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ ಮಾಡುತ್ತಾರೆ. ಅಮ್ಮ ಕೂಲಿಗೆ ಹೋಗುತ್ತಾರೆ. ಹುಡುಗಿ ಕ್ಲಾಸಿನಲ್ಲಿ ಕೈ ಎತ್ತಿದ್ದೇ ಇಲ್ಲ. ಕೇಳಿದರೆ ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಬೆಂಚಿನವರು ಉತ್ತರ ಹೇಳಿಬಿಡುತ್ತಿದ್ದರು. ನಾನೂ ಮುಂದಕ್ಕೆ ಹೋಗುತ್ತಿದ್ದೆ.

ಒಂದು ಶನಿವಾರ ಸುಮ್ನೆ ಒಂದು ಲೆಕ್ಕ ಕೊಟ್ಟೆ. ಒಂದರಿಂದ ನೂರರವರೆಗಿನ ಎಲ್ಲ ಸಂಖ್ಯೆಗಳನ್ನೂ ಒಂದಕ್ಕೊಂದು ಗುಣಿಸಿಕೊಂಡು ಹೋದರೆ ಬರುವ ಉತ್ತರದ ಕೊನೆಯಲ್ಲಿ ಎಷ್ಟು ಸೊನ್ನೆ ಇರುತ್ತವೆ? ಅರ್ಧ ನಿಮಿಷಕ್ಕೆ ಒಬ್ಬ ಹುಡುಗ 'ಹನ್ನೊಂದು ಸಾ' ಅಂದ. ಹತ್ತು, ಇಪ್ಪತ್ತು, ಮೂವತ್ತು ಅಂತ ತೊಂಬತ್ತರವರೆಗೆ ಒಂದೊಂದು, ನೂರಕ್ಕೆ ಎರಡು. ಇನ್ನೊಬ್ಬ ಸ್ವಲ್ಪ ಯೋಚನೆ ಮಾಡಿ, ಐದನ್ನು ಎರಡರಿಂದ ಗುಣಿಸಿದರೂ ಸೊನ್ನೆ ಬರುತ್ತಲ್ವಾ, ನೂರರೊಳಗೆ ಐದರ ಮಗ್ಗಿಯಲ್ಲಿ ಬರುವ ಸಂಖ್ಯೆ ಇಪ್ಪತ್ತು, ಹಾಗಾಗಿ ಇಪ್ಪತ್ತು ಸೊನ್ನೆ ಅಂದ. ಒಳ್ಳೆಯ ಯೋಚನೆ. ಸರಿ ಉತ್ತರ ಅಲ್ಲ. ಬೆಲ್ ಹೊಡೆಯಿತು, ಮನೆಗೆ ಹೋಗಿ ನೋಡಿ ಅಂತ ಬಿಟ್ಟೆ.

ಸೋಮವಾರ ಯಾರಿಗೂ ನೆನಪಿರಲಿಲ್ಲ. ಮಂಗಳವಾರ ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಈ ಹುಡುಗಿ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬಂದು ನಿಂತಳು. ಕೈಯಲ್ಲಿ ಸಮಾಜ ವಿಜ್ಞಾನದ ನೋಟ್ಸು. ಅದರ ಕೊನೆಯ ಪುಟದಲ್ಲಿ ಐದು, ಹತ್ತು, ಹದಿನೈದು ಅಂತ ನೂರರವರೆಗೂ ಸಾಲಾಗಿ ಬರೆದು, ಪ್ರತಿಯೊಂದರ ಕೆಳಗೂ ಒಂದು ಚುಕ್ಕಿ ಇಟ್ಟಿದ್ದಳು. 25, 50, 75, 100ರ ಕೆಳಗೆ ಮಾತ್ರ ಎರಡೆರಡು ಚುಕ್ಕಿ.

"ಇಪ್ಪತ್ತಲ್ಲ ಸಾ, ಇಪ್ಪತ್ನಾಕು."

"ಹೇಗೆ?"

"ಇಪ್ಪತ್ತೈದ್ರೊಳಗೆ ಎರಡು ಐದವೆ ಸಾ. ಐವತ್ರಲ್ಲೂ ಎರಡು, ಎಪ್ಪತ್ತೈದ್ರಲ್ಲೂ ಎರಡು, ನೂರ್ರಲ್ಲೂ ಎರಡು. ನಾಕು ಜಾಸ್ತಿ ಆಯ್ತವೆ."

"ಐದನ್ನೇ ಯಾಕೆ ಎಣಿಸಿದೆ? ಎರಡನ್ನು ಎಣಿಸಬೇಡವಾ?"

ಅವಳು ಒಂದು ನಿಮಿಷ ಸುಮ್ಮನಿದ್ದಳು. ಈ ಸಲ ನಾನೂ ಸುಮ್ಮನಿದ್ದೆ. ಆಮೇಲೆ ಹೇಳಿದಳು: "ಎರಡು ಬೇಕಾದಷ್ಟವೆ ಸಾ. ಐದೇ ಕಮ್ಮಿ."

ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಆ ಲೆಕ್ಕದ ಒಳಗುಟ್ಟನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದು ಕೇಳಿಲ್ಲ. ಶನಿವಾರದಿಂದ ಮಂಗಳವಾರದವರೆಗೆ, ಮೂರು ದಿನ, ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದ್ದಳು. ನೀರು ಹಿಡಿಯುವಾಗ, ಮುಸುರೆ ತಿಕ್ಕುವಾಗ. ಅವಳೇ ಹೇಳಿದ್ದು.

ಆ ವರ್ಷ ಅವಳನ್ನು ಎನ್‌ಎಂಎಂಎಸ್ ಪರೀಕ್ಷೆಗೆ ಕೂರಿಸಿದೆ. ಗೊತ್ತಿಲ್ಲದ ತಂದೆತಾಯಿಗಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಎಂಟನೇ ತರಗತಿಯ ಮಕ್ಕಳಿಗೆ ಇರುವ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು, ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ನಮ್ಮೂರಿನಲ್ಲಿ ಹೆಣ್ಣು ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಕಾಲೇಜಿಗೆ ಕಳಿಸೋದಾ ಬೇಡವಾ ಅನ್ನುವ ಮಾತು ಬಂದಾಗ ಈ ದುಡ್ಡು ಎಷ್ಟು ಕೆಲಸ ಮಾಡುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಪರೀಕ್ಷೆಯಲ್ಲಿ ಎರಡು ಪತ್ರಿಕೆ, ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ಪ್ರಶ್ನೆಗೆ ಒಂದೇ ನಿಮಿಷ. ನಮ್ಮ ಹುಡುಗಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಟ್ಟಿದ್ದಳು ಅಷ್ಟೇ. ಮುಟ್ಟಿದ್ದರಲ್ಲಿ ತಪ್ಪು ಬಹಳ ಕಡಿಮೆ. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಅದೇ ವರ್ಷ ನಮ್ಮ ಇನ್ನೊಬ್ಬ ಹುಡುಗ, ಆ 'ಹನ್ನೊಂದು ಸಾ' ಅಂದವನು, ಆಯ್ಕೆಯಾದ. ಬಹಳ ಚುರುಕು, ಅವನ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವನ ಕಥೆಯಲ್ಲಿ ನನ್ನದೊಂದು ತಪ್ಪಿದೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದಿತ್ತು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇರಲಿಲ್ಲ. ಅರ್ಜಿ ತುಂಬಿಸುವಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ನೋಡಲಿಲ್ಲ. ಮೊದಲ ವರ್ಷದ ದುಡ್ಡು ಬರೋದು ತಿಂಗಳುಗಟ್ಟಲೆ ತಡವಾಯಿತು. ಅವರಮ್ಮ ಕೂಲಿ ಬಿಟ್ಟು ನಾಲ್ಕು ಸಲ ಬ್ಯಾಂಕಿಗೆ ಅಲೆದರು. ಈಗ ಜುಲೈ ಮುಗಿಯುವುದರೊಳಗೆ ಎಂಟನೇ ಕ್ಲಾಸಿನ ಎಲ್ಲರ ಆಧಾರ್, ಪಾಸ್‌ಬುಕ್, ಶಾಲೆಯ ದಾಖಲಾತಿ ಮೂರನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡುತ್ತೇನೆ. ಆದಾಯ ಪ್ರಮಾಣಪತ್ರಕ್ಕೂ ಆಗಲೇ ಅರ್ಜಿ ಹಾಕಿಸುತ್ತೇನೆ. ಬೇರೆ ಶಾಲೆಯ ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇದೊಂದು ಮಾಡಿ.

ನಾನು ಓದಿದ್ದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ. ಅದು ಶುರುವಾಗಿದ್ದು 1963ರಲ್ಲಿ. ಶಾಲಾ ಪಠ್ಯಪುಸ್ತಕ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ, ಜಾಣ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಪ್ರತಿಭಾನ್ವೇಷಣೆ ಪರೀಕ್ಷೆ ಶುರು ಮಾಡಿದ್ದೂ ಅದೇ ವರ್ಷ. ಹಳಬರಿಗೆ ಎನ್‌ಟಿಎಸ್‌ಇ ಅಂದರೆ ಗೊತ್ತು. ಹತ್ತನೇ ತರಗತಿಯಲ್ಲಿ ಅದನ್ನು ಪಾಸು ಮಾಡಿದ ಹುಡುಗನನ್ನು ಊರೇ ಗುರುತಿಸುತ್ತಿತ್ತು. 2021ರಲ್ಲಿ ಅದು ನಿಂತಿತು. ನಮ್ಮಂಥ ಶಾಲೆಗಳಿಗೆ ಅದು ದೊಡ್ಡ ನಷ್ಟ ಅಂತಲೇ ನಾನು ಹೇಳೋದು. ಇಸ್ರೋದ ಯುವಿಕಾ ಇದೆ, ಒಂಬತ್ತನೇ ತರಗತಿಯ ಮಕ್ಕಳನ್ನು ಎರಡು ವಾರ ತಮ್ಮ ಕೇಂದ್ರದಲ್ಲೇ ಇಟ್ಟುಕೊಂಡು ಕಲಿಸುತ್ತಾರೆ, ಖರ್ಚೆಲ್ಲ ಅವರದ್ದೇ. ಇನ್‌ಸ್ಪೈರ್ ಇದೆ, ಮಗುವಿನ ಹೊಸ ಐಡಿಯಾ ಆಯ್ಕೆಯಾದರೆ ಮಾದರಿ ಮಾಡೋಕೆ 10,000 ರೂಪಾಯಿ. ಎರಡಕ್ಕೂ ಮಕ್ಕಳನ್ನು ಕಳಿಸಿ.

ನಮ್ಮ ಹುಡುಗಿಗೆ ಸರಿಯಾದ ಜಾಗ ಬೇರೆ ಅನ್ನಿಸಿತು. ಗಣಿತ ಒಲಿಂಪಿಯಾಡ್‌ನ ಮೊದಲ ಮೆಟ್ಟಿಲಿಗೆ ಐಒಕ್ಯುಎಂ ಅಂತ ಹೆಸರು. 30 ಪ್ರಶ್ನೆ, ಮೂರು ಗಂಟೆ, 100 ಅಂಕ. ಎಬಿಸಿಡಿ ಆಯ್ಕೆ ಇರುವುದಿಲ್ಲ. ಉತ್ತರ 00ರಿಂದ 99ರೊಳಗಿನ ಒಂದು ಸಂಖ್ಯೆ, ಅದನ್ನು ನಾವೇ ಕಂಡುಹಿಡಿಯಬೇಕು. ಸುಮ್ಮನೆ ಅಂದಾಜಿಗೆ ಗುರುತು ಹಾಕೋಕೆ ಆಗಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ, 2023ರ ಸೆಪ್ಟೆಂಬರ್‌ನ ಒಂದು ಭಾನುವಾರ, ಅವಳನ್ನೂ ಅವರಮ್ಮನನ್ನೂ ಕರೆದುಕೊಂಡು ಮೈಸೂರಿಗೆ ಹೋದೆ. ಮೂರು ತಿಂಗಳ ಹಿಂದಷ್ಟೇ ಹೆಂಗಸರಿಗೆ ಬಸ್ಸು ಉಚಿತ ಆಗಿತ್ತು. ಆಗದೇ ಇದ್ದಿದ್ದರೆ ಅವರಮ್ಮ ಬರುತ್ತಿರಲಿಲ್ಲ, ಅಮ್ಮ ಬರದೇ ಅವಳನ್ನು ಕಳಿಸುತ್ತಲೂ ಇರಲಿಲ್ಲ.

ಕೇಂದ್ರದ ಹೊರಗೆ ಕಾರುಗಳು ನಿಂತಿದ್ದವು. ಕೋಚಿಂಗ್ ಸೆಂಟರಿನ ಬ್ಯಾಗ್ ಹಾಕಿಕೊಂಡ ಮಕ್ಕಳು. ಇವಳು ಯೂನಿಫಾರಂನಲ್ಲೇ ಬಂದಿದ್ದಳು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ ಅಂತ ಎರಡು ತಿಂಗಳಿಂದ ಪದಗಳನ್ನು ಬರೆಸಿದ್ದೆ. ಆದರೂ ಅವರಮ್ಮ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು, "ಮೇಷ್ಟ್ರೇ, ಅವಳು ಒಳಗೆ ಅಳ್ತಾ ಕೂತಿದ್ರೆ ಏನ್ ಮಾಡದು?" ಅಂತ ಎರಡು ಸಲ ಕೇಳಿದರು.

ಅತ್ತಿರಲಿಲ್ಲ. ಏಳು ಲೆಕ್ಕ ಬಿಡಿಸಿದ್ದಳು. ಮುಂದಿನ ಹಂತಕ್ಕೆ ಅದು ಸಾಲಲಿಲ್ಲ. ಆದರೆ ವಾಪಸ್ ಬರುವಾಗ, ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ, ಕಂಡಕ್ಟರ್ ಕೊಟ್ಟ ಟಿಕೆಟ್ಟಿನ ಹಿಂಭಾಗವನ್ನು ನನ್ನ ಕಡೆ ಚಾಚಿದಳು. ಪೆನ್ಸಿಲ್ಲಿನಲ್ಲಿ ಸಣ್ಣದಾಗಿ 200, 40, 8, 1 ಅಂತ ಬರೆದು ಕೂಡಿಸಿದ್ದಳು.

"ಸಾವಿರದವರೆಗೆ ಗುಣಿಸಿದ್ರೆ 249 ಸೊನ್ನೆ ಸಾ."

ಐದರ ಗುಂಪು 200, ಇಪ್ಪತ್ತೈದರ ಗುಂಪು 40, ನೂರಿಪ್ಪತ್ತೈದರದ್ದು 8, ಆರುನೂರ ಇಪ್ಪತ್ತೈದರದ್ದು 1. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

2024ರ ಜುಲೈನಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಡೆಯಿತು. ಭಾರತದ ಆರು ಮಕ್ಕಳಲ್ಲಿ ನಾಲ್ವರಿಗೆ ಚಿನ್ನ, ಒಬ್ಬರಿಗೆ ಬೆಳ್ಳಿ. ದೇಶಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ. ಪೇಪರ್ ತಂದು ಹತ್ತನೇ ಕ್ಲಾಸಿನಲ್ಲಿ ಓದಿ ಹೇಳಿದೆ. ಇವಳು, ಆ ಮೂರು ವರ್ಷದಲ್ಲಿ ಮೊದಲ ಸಲ, ಕೈ ಎತ್ತಿದಳು. "ಅವ್ರಿಗೆ ಒಂದು ಲೆಕ್ಕಕ್ಕೆ ಎಷ್ಟು ನಿಮಿಷ ಕೊಡ್ತಾರೆ ಸಾ?"

ಎರಡು ದಿನದ ಪರೀಕ್ಷೆ, ದಿನಕ್ಕೆ ಮೂರು ಲೆಕ್ಕ, ನಾಲ್ಕೂವರೆ ಗಂಟೆ ಅಂದೆ. ಅಂದರೆ ಒಂದು ಲೆಕ್ಕಕ್ಕೆ ಒಂದೂವರೆ ಗಂಟೆ. ಅವಳು ಕೂತುಕೊಂಡಳು. ಮುಖದಲ್ಲಿ ಒಂದು ಸಮಾಧಾನ ಇತ್ತು. ಜಗತ್ತಿನ ಅತಿ ಜಾಣ ಮಕ್ಕಳಿಗೂ ಅಷ್ಟು ಹೊತ್ತು ಕೊಡುತ್ತಾರೆ ಅನ್ನೋದನ್ನು ನಾನು ಎರಡು ವರ್ಷ ಮೊದಲೇ ಅವಳಿಗೆ ಹೇಳಬೇಕಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 581 ಬಂತು. ಈಗ ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಊರಿಗೆ ಬಂದಾಗ ಅವರಪ್ಪನ ಫೋನಿನಿಂದ ಲೆಕ್ಕ ಕಳಿಸುತ್ತಾಳೆ. ಒಂದೆರಡು ನನಗೆ ಇನ್ನೂ ಬಿಡಿಸೋಕೆ ಆಗಿಲ್ಲ.

ಈ ವರ್ಷದ ನೋಟ್‌ಬುಕ್ಕಿನಲ್ಲಿ ಇಬ್ಬರ ಹೆಸರಿನ ಮುಂದೆ 'ನಿಧಾನ' ಅಂತ ಬರೆದಿದ್ದೇನೆ, ನೀಲಿ ಪೆನ್ನಿನಲ್ಲಿ. ಇಬ್ಬರಿಗೂ ಆ ಸೊನ್ನೆಯ ಲೆಕ್ಕ ಕೊಟ್ಟೆ. ಹುಡುಗಿ ಐದನೇ ದಿನ ಉತ್ತರ ತಂದಳು. ಹುಡುಗನಿಗೆ ಕೊಟ್ಟು ಇವತ್ತಿಗೆ ಒಂಬತ್ತು ದಿನ. ನಿನ್ನೆ ಕೊನೆಯ ಬೆಂಚಿನಲ್ಲಿ ಅವನ ನೋಟ್ಸಿನ ಹಿಂದಿನ ಪುಟ ಕಣ್ಣಿಗೆ ಬಿತ್ತು, ಐದರ ಮಗ್ಗಿ ಐವತ್ತರವರೆಗೆ ಬಂದು ನಿಂತಿತ್ತು. ನಾನು ಏನೂ ಕೇಳಲಿಲ್ಲ.