ದಿವಾಳಿ ಅರ್ಜಿಗೆ ಮೊದಲು ಚಿಕ್ಕಪ್ಪನವರ ಮನೆ ಮಾರಾಟ

ಮಂಡ್ಯದ ಹೊರವಲಯದಲ್ಲಿ ನಮ್ಮ ಚಿಕ್ಕಪ್ಪನವರು ನಡೆಸುತ್ತಿದ್ದ ಅಕ್ಕಿ ಗಿರಣಿ ನಿಂತುಹೋದ ಮೇಲೆ, ಮೈಸೂರಿನ ಕುವೆಂಪುನಗರದಲ್ಲಿದ್ದ ಅವರ ಮನೆಯನ್ನು ಮಾರಿಸುವ ಕೆಲಸ ಬಹುಮಟ್ಟಿಗೆ ನನ್ನ ಪಾಲಿಗೆ ಬಂದಿತು. ಕಾಗದಪತ್ರಗಳನ್ನು ಕೂತು ಓದುವ ತಾಳ್ಮೆ ನನಗಿದೆ ಎಂಬ ನಂಬಿಕೆ ನಮ್ಮ ಬಂಧುಗಳಲ್ಲಿ ಹೇಗೋ ಬೆಳೆದುಬಿಟ್ಟಿದೆ. ಗಿರಣಿಯು ಕಂಪನಿಯಾಗಿರದೆ ಚಿಕ್ಕಪ್ಪನವರೊಬ್ಬರ ಹೆಸರಿನಲ್ಲಿಯೇ ಇದ್ದುದರಿಂದ, ಕಾನೂನಿನ ದೃಷ್ಟಿಯಲ್ಲಿ ಗಿರಣಿಯ ಸಾಲಕ್ಕೂ ಅವರ ಸ್ವಂತ ಸಾಲಕ್ಕೂ ವ್ಯತ್ಯಾಸವಿರಲಿಲ್ಲ. ಬ್ಯಾಂಕಿನ ಸಿ.ಸಿ. (ಕ್ಯಾಶ್ ಕ್ರೆಡಿಟ್, ಅಂದರೆ ವ್ಯಾಪಾರದ ಚಾಲ್ತಿ ಖರ್ಚಿನ) ಸಾಲಕ್ಕೆ ಮನೆಯ ಪತ್ರಗಳನ್ನು ಅಡವಿಟ್ಟಿದ್ದರು. ಅದರ ಹೊರತಾಗಿ ಭತ್ತ ಕೊಟ್ಟ ರೈತರ ಬಾಕಿ, ಚೀಟಿಯ ಕಂತುಗಳು, ಬಂಧುಗಳ ಕೈಸಾಲ ಎಲ್ಲವೂ ಸೇರಿ, ಮನೆ ಮಾರಿದರೂ ತೀರದಷ್ಟು ಹೊರೆಯಾಗಿತ್ತು. ಹೀಗಾಗಿ ಪಾಪರ್ ಅರ್ಜಿ, ಅಂದರೆ ದಿವಾಳಿ ಅರ್ಜಿ, ಹಾಕುವುದು ಅನಿವಾರ್ಯವೆಂದು ಎಲ್ಲರಿಗೂ ಗೊತ್ತಿತ್ತು. ಮನೆಯನ್ನು ಅರ್ಜಿಗೆ ಮೊದಲು ಮಾರಬೇಕೋ ಅನಂತರವೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಊರಿನವರು ಕೊಟ್ಟ ಮೊದಲ ಸಲಹೆ, ಮನೆಯನ್ನು ಚಿಕ್ಕಮ್ಮನವರ ಹೆಸರಿಗೆ ದಾನಪತ್ರ ಮಾಡಿ ಆಮೇಲೆ ಪಾಪರ್ ಅರ್ಜಿ ಹಾಕಿಬಿಡಿ ಎಂಬುದಾಗಿತ್ತು. ಇಷ್ಟು ಆತ್ಮವಿಶ್ವಾಸದಿಂದ ಇಷ್ಟು ಕೆಟ್ಟ ಸಲಹೆಯನ್ನು ಕೊಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಡಮಾನ ದಾಖಲಾಗಿರುವ ಮನೆಯನ್ನು ಯಾರ ಹೆಸರಿಗೆ ಬರೆದರೂ ಬ್ಯಾಂಕಿನ ಹಕ್ಕು ಅದರ ಬೆನ್ನು ಬಿಡುವುದಿಲ್ಲ. ಸಾಲ ಕೊಟ್ಟ ಉಳಿದವರ ಪಾಲಿಗೂ ದಾರಿ ಮುಚ್ಚಿರುವುದಿಲ್ಲ: ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದ ವರ್ಗಾವಣೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ಅವರು ರದ್ದುಮಾಡಿಸಬಹುದು. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಾದರೋ ಇನ್ನೂ ನೇರವಾಗಿದೆ. ವರ್ಗಾವಣೆಯಾದ ಎರಡು ವರ್ಷಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ವ್ಯಕ್ತಿ ದಿವಾಳಿಯೆಂದು ಘೋಷಿತನಾದರೆ, ತಕ್ಕ ಬೆಲೆ ಕೊಟ್ಟು ಸದುದ್ದೇಶದಿಂದ ಕೊಂಡವನಿಗೆ ಆದ ವರ್ಗಾವಣೆಯ ಹೊರತು ಉಳಿದವುಗಳನ್ನು ನ್ಯಾಯಾಲಯ ತಳ್ಳಿಹಾಕಬಹುದು. ದಾನಪತ್ರದಲ್ಲಿ ಬೆಲೆಯೇ ಇರುವುದಿಲ್ಲವಲ್ಲ!

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿರುವಾಗ 1920ರ ಕಾಯ್ದೆ ಏಕೆ ಎಂದು ಹಲವರು ಕೇಳುತ್ತಾರೆ. ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್‌ನಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಲ್ಲಿದೆ. ಚಿಕ್ಕಪ್ಪನವರಂಥ ಸಾಧಾರಣ ವ್ಯಾಪಾರಿಗೆ, ನಾನಿದನ್ನು ಬರೆಯುತ್ತಿರುವ ಹೊತ್ತಿಗೂ, ನೂರು ವರ್ಷ ದಾಟಿದ ಆ ಕಾಯ್ದೆಯೇ ಗತಿ. ಅದರ ಹಳತನಕ್ಕೆ ಒಂದು ನಿದರ್ಶನ ಸಾಕು: ಮೂಲ ಕಾಯ್ದೆಯ ಪ್ರಕಾರ 500 ರೂಪಾಯಿ ಸಾಲ ತೀರಿಸಲಾಗದವನೂ ಅರ್ಜಿ ಹಾಕಬಹುದು.

ಆದರೂ ಆ ಕಾಯ್ದೆಯ 28ನೇ ಕಲಮನ್ನು ಮನೆ ಮಾರಹೊರಟವರು ಎರಡು ಸಲ ಓದಬೇಕು. ದಿವಾಳಿಯೆಂದು ಆದೇಶವಾದೊಡನೆ ಆತನ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಆಸ್ತಿಯನ್ನು ನೋಡಿಕೊಳ್ಳಲು ಅದು ನೇಮಿಸಿದ ಅಧಿಕಾರಿಯಾದ ರಿಸೀವರರ ವಶಕ್ಕೆ ಹೋಗುತ್ತದೆ, ಮಾರುವ ಅಧಿಕಾರವೂ ಅದರೊಂದಿಗೇ ಹೋಗುತ್ತದೆ. ಆ ಆದೇಶವು ಹೊರಬಿದ್ದ ದಿನದಿಂದಲ್ಲದೆ ಅರ್ಜಿ ಸಲ್ಲಿಸಿದ ದಿನದಿಂದಲೇ ಜಾರಿಗೆ ಬಂದಂತೆ ಲೆಕ್ಕ. ಅಂದರೆ ಅರ್ಜಿಗೂ ಆದೇಶಕ್ಕೂ ನಡುವೆ ಮನೆ ಕೊಂಡವನು, ಅರ್ಜಿಯ ವಿಷಯ ತನಗೆ ತಿಳಿದಿರಲಿಲ್ಲವೆಂದು ತೋರಿಸಿಕೊಂಡರೆ ಮಾತ್ರ ಬಚಾವು. ತಿಳಿದೂ ತಿಳಿದೂ ಅಂಥ ಮನೆಗೆ ಯಾವ ವಕೀಲನೂ ತನ್ನ ಕಕ್ಷಿದಾರನಿಂದ ಮುಂಗಡ ಕೊಡಿಸಲಾರ. ಇದೇ ಕಲಮು ಇನ್ನೊಂದು ಭ್ರಮೆಯನ್ನೂ ಕಳೆಯುತ್ತದೆ: ಅಡಮಾನ ಹಿಡಿದ ಬ್ಯಾಂಕಿನ ಹಕ್ಕಿಗೆ ದಿವಾಳಿ ಆದೇಶ ಅಡ್ಡಬರುವುದಿಲ್ಲ, ಹಾಗಾಗಿ ಪಾಪರ್ ಅರ್ಜಿ ಹಾಕಿದರೆ ಮನೆಯ ಹರಾಜು ನಿಲ್ಲುತ್ತದೆ ಎಂಬುದು ಸುಳ್ಳು. ಇಷ್ಟನ್ನು ಓದಿದ ಮೇಲೆ, ಅರ್ಜಿಗೆ ಮೊದಲೇ, ಬಹಿರಂಗವಾಗಿ, ಪೂರ್ಣ ಬೆಲೆಗೆ ಮಾರುವುದೊಂದೇ ಸರಿಯಾದ ಕ್ರಮವೆಂದು ನಾನು ಚಿಕ್ಕಪ್ಪನವರಿಗೆ ಹೇಳಿದೆ.

ಅಷ್ಟರಲ್ಲಾಗಲೇ ಬ್ಯಾಂಕಿನಿಂದ ಅಡಮಾನದ ಆಸ್ತಿಯನ್ನು ಮಾರಿ ಸಾಲ ವಸೂಲು ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು ಬಂದಿತ್ತು. ಬಾಕಿ 90 ದಿನಕ್ಕಿಂತ ಹೆಚ್ಚು ಉಳಿದು ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ಬರುವ ಈ ನೋಟಿಸು ಹಣ ಕಟ್ಟಲು 60 ದಿನಗಳ ಅವಕಾಶ ಕೊಡುತ್ತದೆ. ಅದು ಕೈಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರುವಂತಿಲ್ಲ, ದೀರ್ಘಾವಧಿಗೆ ಬಾಡಿಗೆಗೂ ಕೊಡುವಂತಿಲ್ಲ. ಅರವತ್ತು ದಿನ ಕಳೆದರೆ ಸ್ವಾಧೀನ, ಅದರ ಹಿಂದೆಯೇ ಹರಾಜು. 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಪೂರ್ತಿ ಬಾಕಿ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಬಹುದು. ಹರಾಜಿನಲ್ಲಿ ಗೆದ್ದವನು ಕಾಲು ಭಾಗವನ್ನು ಕೂಡಲೇ ಕಟ್ಟಿ ಉಳಿದದ್ದನ್ನು ಸಾಮಾನ್ಯವಾಗಿ ಹದಿನೈದು ದಿನದಲ್ಲಿ ಹೊಂದಿಸಬೇಕಾದ ಕಾರಣ, ಬ್ಯಾಂಕ್ ಸಾಲ ನಂಬಿ ಮನೆ ಕೊಳ್ಳುವ ಸಂಬಳದಾರರು ಅತ್ತ ಸುಳಿಯುವುದೇ ಕಡಿಮೆ. ಬೆಲೆ ಇಳಿಯಲು ಇದಕ್ಕಿಂತ ಬೇರೆ ಕಾರಣ ಬೇಕೇ?

ಬ್ಯಾಂಕು ಒಪ್ಪಿಗೆ ಪತ್ರ ಕೊಟ್ಟಿತು. ಕೊಳ್ಳುವವರ ಹಣ ನೇರವಾಗಿ ಸಾಲದ ಖಾತೆಗೆ ಜಮೆಯಾಗಬೇಕು, ಋಣಮುಕ್ತಿ ಪತ್ರವೂ ಕ್ರಯಪತ್ರವೂ ಒಂದೇ ದಿನ ನೋಂದಣಿಯಾಗಬೇಕು ಎಂಬುದು ಷರತ್ತು. ಬಂದ ಗಿರಾಕಿಗಳಲ್ಲಿ ಒಬ್ಬರು ಅರ್ಧ ವೈಟು, ಅರ್ಧ ಬ್ಲ್ಯಾಕು ಎಂದರು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧವೆಂಬುದು ಒಂದು ಕಡೆಯಾದರೆ, ಪತ್ರದಲ್ಲಿ ಕಾಣಿಸಿದ ಕಡಿಮೆ ಬೆಲೆಯೇ ನಾಳೆ ರಿಸೀವರರ ಕೈಗೆ ಸಿಗುವ ಸಾಕ್ಷ್ಯವಾಗುತ್ತದೆ ಎಂಬುದು ಇನ್ನೊಂದು ಕಡೆ. ಅವರನ್ನು ಕೈಮುಗಿದು ಕಳುಹಿಸಿದೆವು. ಕೊನೆಗೆ ಒಪ್ಪಿದ ದಂಪತಿಗಳು ಆಷಾಢ ಕಳೆಯಲಿ ಎಂದರು. ಆಷಾಢದಲ್ಲಿ ನೋಂದಣಿ ನಿಂತರೂ ಬಡ್ಡಿ ನಿಲ್ಲುವುದಿಲ್ಲವೆಂದು ನಾನು ಗೊಣಗಿದ್ದು ವ್ಯರ್ಥವಾಯಿತು. ಮನೆ ಸ್ವಯಾರ್ಜಿತವಾಗಿದ್ದರೂ ಅವರ ವಕೀಲರು ಚಿಕ್ಕಪ್ಪನವರ ಮಗ ಮತ್ತು ಮಗಳ ಸಹಿಯನ್ನೂ ಕೇಳಿದರು, ಅದು ನ್ಯಾಯವೇ ಆಗಿತ್ತು.

ತೆರಿಗೆಯ ವಿಷಯ ಚಿಕ್ಕಪ್ಪನವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. "ಹಣವೆಲ್ಲ ಬ್ಯಾಂಕಿಗೆ ಹೋಗುತ್ತೆ, ಲಾಭ ನನಗೆಲ್ಲಿ ಬಂತಪ್ಪಾ?" ಎಂದರು. ಮಾಲೀಕನೇ ಮಾಡಿದ ಅಡಮಾನವನ್ನು ತೀರಿಸಲು ಕೊಟ್ಟ ಮೊತ್ತವನ್ನು ಬಂಡವಾಳ ಲಾಭದಿಂದ (ಆಸ್ತಿ ಮಾರಿ ಬಂದ ಲಾಭದಿಂದ) ಕಳೆಯಲಾಗದು ಎಂಬುದು ಸುಪ್ರೀಂ ಕೋರ್ಟಿನ ನಿಲುವು; ಹಣ ಯಾರ ಜೇಬಿಗೆ ಹೋದರೂ ಮಾರಿದವನು ಅವರೇ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದ್ದರಿಂದ, ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ. 20 ಅಥವಾ ಅದಿಲ್ಲದೆ ಶೇ. 12.5, ಇವೆರಡರಲ್ಲಿ ಕಡಿಮೆ ತೆರಿಗೆ ಬರುವುದನ್ನು ಆರಿಸಿಕೊಳ್ಳುವ ಅವಕಾಶವಿತ್ತು. ಅದಕ್ಕಿಂತ ದೊಡ್ಡ ಆಸರೆ ಗಿರಣಿಯ ನಷ್ಟದಿಂದಲೇ ಒದಗಿತು: ವ್ಯಾಪಾರದ ನಷ್ಟವನ್ನು ಅದೇ ಆರ್ಥಿಕ ವರ್ಷದ ಬಂಡವಾಳ ಲಾಭಕ್ಕೆ ಹೊಂದಿಸಬಹುದು, ಮುಂದಿನ ವರ್ಷಕ್ಕೆ ಹೋದರೆ ಆಗದು. ಆದ್ದರಿಂದ ಮಾರ್ಚ್ ಮುಗಿಯುವ ಮೊದಲೇ ನೋಂದಣಿ ಆಗಬೇಕೆಂದು ಹಟ ಹಿಡಿದೆವು. ಬೆಲೆ 50 ಲಕ್ಷ ದಾಟಿದ್ದರಿಂದ ಕೊಳ್ಳುವವರು ಬೆಲೆಯ ಶೇ. 1ರಷ್ಟನ್ನು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿಯುವ ತೆರಿಗೆ, ಎಂದು ಹಿಡಿದರು. ಬ್ಯಾಂಕಿನ ಲೆಕ್ಕ ಕೂಡಿಸುವಾಗ ಆ ಒಂದು ಭಾಗವನ್ನು ಮೊದಲೇ ಕಳೆದಿಟ್ಟುಕೊಳ್ಳುವುದು ಒಳ್ಳೆಯದು.

ಬ್ಯಾಂಕಿನ ಬಾಕಿ ತೀರಿ ಉಳಿದ ಹಣ ಅಷ್ಟೇನೂ ದೊಡ್ಡದಾಗಿರಲಿಲ್ಲ, ಜಗಳಕ್ಕೆ ಮಾತ್ರ ಸಾಕಾಗುವಷ್ಟಿತ್ತು. ಚಿಕ್ಕಮ್ಮನವರ ಅಣ್ಣ ತಮ್ಮ ಕೈಸಾಲವನ್ನು ಮೊದಲು ಕೊಡಿ ಎಂದರು. ನನ್ನ ಮನಸ್ಸು ಭತ್ತದ ರೈತರ ಕಡೆಗಿತ್ತು. 1920ರ ಕಾಯ್ದೆಯ 54ನೇ ಕಲಮು ಇಬ್ಬರಿಗೂ ಅಡ್ಡವಾಯಿತು: ಸಾಲ ಕೊಟ್ಟ ಒಬ್ಬರಿಗೆ ಮಾತ್ರ ಒಲವು ತೋರಿಸಿ ಕೊಟ್ಟ ಹಣವು, ಮೂರು ತಿಂಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ, ರಿಸೀವರರ ಎದುರು ಊರ್ಜಿತವಾಗುವುದಿಲ್ಲ. ಹಾಗಾಗಿ ಉಳಿದ ಹಣವನ್ನು ಖಾತೆಯಲ್ಲೇ ಇರಿಸಿ, ಕ್ರಯಪತ್ರದ ನಕಲು ಮತ್ತು ಬ್ಯಾಂಕಿನ ಲೆಕ್ಕಪಟ್ಟಿಯನ್ನು ಲಗತ್ತಿಸಿ, ಸಾಲ ಕೊಟ್ಟವರೆಲ್ಲರ ಹೆಸರನ್ನೂ ಬರೆದು ಮಂಡ್ಯದ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿದೆವು. ಆ ಹಣವನ್ನು ಯಾರಿಗೆ ಎಷ್ಟು ಹಂಚಬೇಕೆಂಬುದನ್ನು ಇನ್ನು ರಿಸೀವರರು ನೋಡಿಕೊಳ್ಳುತ್ತಾರೆ. ಚೀಟಿಯವರು ಹೂಡಿದ ಚೆಕ್ ಬೌನ್ಸ್ ಮೊಕದ್ದಮೆ ಕ್ರಿಮಿನಲ್ ಸ್ವರೂಪದ್ದಾದ್ದರಿಂದ ದಿವಾಳಿ ಅರ್ಜಿಯ ಪಾಡಿಗೆ ಅದು, ಅದರ ಪಾಡಿಗೆ ಇದು ನಡೆಯುತ್ತಿವೆ. ಚಿಕ್ಕಪ್ಪನವರು ಈಗಿರುವ ವಿಜಯನಗರದ ಬಾಡಿಗೆ ಮನೆಯ ವಿಳಾಸವನ್ನು ಎರಡೂ ಕಡತಗಳಿಗೆ ಸೇರಿಸಿದ್ದೇವೆ.