ಗಾಯಕರ ಎಡಗಡೆಯ ಜಾಗ

ಹೋದ ಭಾನುವಾರ ಸಂಜೆ ಬ್ಯಾಡಗಿಯ ನಮ್ಮ ಓಣಿಯವರೊಬ್ಬರು ಮಗಳನ್ನು ಕರೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದಿದ್ದರು. ಹುಡುಗಿ ಪಿಯುಸಿ ಮುಗಿಸಿದ್ದಾಳೆ, ಸಂಗೀತವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಚಹಾ ಕುಡಿದು ಕಪ್ಪು ಕೆಳಗಿಟ್ಟವರೇ ಅವರು ಕೇಳಿದರು: "ಇದನ್ನು ಓದಿದರೆ ಹೊಟ್ಟೆ ತುಂಬುತ್ತದೆಯೇನ್ರಿ?" ಹದಿನಾಲ್ಕು ವರ್ಷಗಳ ಹಿಂದೆ ಅಪ್ಪ ನನ್ನನ್ನು ಕೇಳಿದ್ದೂ ಇದನ್ನೇ. ಆಗ ಉತ್ತರ ಗೊತ್ತಿರಲಿಲ್ಲ, ಸುಮ್ಮನೆ ಅತ್ತಿದ್ದೆ. ಈಗ ಗೊತ್ತಿದೆ. ಆದರೆ ಬಸ್ಸಿನ ಹೊತ್ತು ನೋಡುತ್ತ ಕುಳಿತವರಿಗೆ ಅದನ್ನೆಲ್ಲ ಹೇಳಿ ಮುಗಿಸಲು ಆಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತರಾಗಿದ್ದರು. ಸುಗ್ಗಿಯ ದಿನಗಳಲ್ಲಿ ಅವರ ಅಂಗಿಯ ಜೊತೆ ಘಾಟೂ ಮನೆಯೊಳಗೆ ಬರುತ್ತಿತ್ತು. ಅವ್ವ ಆ ಅಂಗಿಯನ್ನು ಹಿತ್ತಿಲಲ್ಲೇ ಕಳಚಿಸಿ ನೀರಿಗೆ ಹಾಕುತ್ತಿದ್ದಳು, ಆದರೂ ನಾನು ಕೆಮ್ಮುತ್ತಲೇ ಬೆಳೆದೆ. ಶ್ರಾವಣದಲ್ಲಿ ಮಠದ ಪುರಾಣಕ್ಕೆ ವಚನ ಹಾಡುತ್ತಿದ್ದೆ, ಜನ ಭೇಷ್ ಎನ್ನುತ್ತಿದ್ದರು. ನಮ್ಮ ಮನೆತನದಲ್ಲಿ ಹಾಡುವವರು ಬೇರೆ ಯಾರೂ ಇರಲಿಲ್ಲ.

ನಮ್ಮ ಕಡೆ ಸಂಗೀತಕ್ಕೆ ಡಿಗ್ರಿ ಯಾಕೆ ಬೇಕು ಎಂದು ಕೇಳುವವರು ಬಹಳ. ಅವರ ಮಾತಿಗೂ ಆಧಾರವಿದೆ. ಹಾನಗಲ್ ಸೀಮೆಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದೆಯೇ ಹಿಂದೂಸ್ತಾನಿ, ಕರ್ನಾಟಕ ಎರಡನ್ನೂ ಕಲಿತು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಎದುರು ಕುಳಿತು ಕಲಿತರು. ಕಾಲೇಜಿನ ಮೆಟ್ಟಿಲು ಹತ್ತದ ಅವರನ್ನು ಮುಂದೆ ಕರ್ನಾಟಕ ವಿಶ್ವವಿದ್ಯಾಲಯವೇ ಗೌರವ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು. ಇವರ ಹೆಸರು ಬಂದಾಗಲೆಲ್ಲ ನಾನು ಕೈ ಮುಗಿಯುತ್ತೇನೆ. ಆದರೆ ಇವರಿಗೆಲ್ಲ ಒಬ್ಬ ಗುರು ಸಿಕ್ಕಿದ್ದರು. ಯಾವ ಗುರುವಿನ ಬಾಗಿಲು ಎಲ್ಲಿದೆ, ಅದನ್ನು ಹೇಗೆ ತಟ್ಟಬೇಕು ಎಂಬುದು ದಲಾಲಿ ಅಂಗಡಿಯ ಗುಮಾಸ್ತರ ಮಗಳಿಗೆ ಹೇಗೆ ಗೊತ್ತಾಗಬೇಕು? ನನಗೆ ಸಿಕ್ಕಿದ್ದು ಪ್ರವೇಶದ ಅರ್ಜಿ. ಅದನ್ನು ಭರ್ತಿ ಮಾಡಿ, ಧಾರವಾಡಕ್ಕೆ ಬಂದು, ಮೂವರು ಅಧ್ಯಾಪಕರ ಮುಂದೆ ಒಂದು ವಚನ ಹಾಡಿದೆ. ಯಾರ ಮಗಳು, ಯಾವ ಘರಾಣೆ, ಅಂದರೆ ಯಾವ ಗುರುಪರಂಪರೆ, ಎಂದು ಯಾರೂ ಕೇಳಲಿಲ್ಲ. ವಿಶ್ವವಿದ್ಯಾಲಯದ ಸಂಗೀತ ಶಿಕ್ಷಣದ ಮೇಲೆ ನನಗೆ ಎಷ್ಟೇ ತಕರಾರುಗಳಿದ್ದರೂ ಈ ಒಂದು ಋಣ ಮರೆಯಲಾರೆ.

ತಕರಾರುಗಳಿವೆ. ನಲವತ್ತೈದು ನಿಮಿಷದ ತರಗತಿಯಲ್ಲಿ ತಾನಪುರ ಶ್ರುತಿಗೆ ಕೂಡುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ. ಸೆಮಿಸ್ಟರ್ ಮುಗಿಯುವುದರೊಳಗೆ ಇಷ್ಟು ರಾಗ ಆಗಲೇಬೇಕು ಎಂಬ ಲೆಕ್ಕಕ್ಕೆ ಯಾವ ರಾಗವೂ ಜಗ್ಗುವುದಿಲ್ಲ. ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ರಾಗಗಳನ್ನು ವಿಂಗಡಿಸಿದ ಹತ್ತು ಥಾಟ್, ಇಪ್ಪತ್ತೆರಡು ಶ್ರುತಿ, ಸ್ವರಲಿಪಿ, ಇವೆಲ್ಲ ಆಗ ಒಣ ಹುಲ್ಲು ಜಗಿದಂತೆ ಅನಿಸುತ್ತಿತ್ತು. ಸ್ವರಲಿಪಿ ಮಾತ್ರ ಮುಂದೆ ನನಗೆ ಅನ್ನ ಕೊಟ್ಟಿತು.

ಎರಡನೆಯ ವರ್ಷ ಧ್ವನಿ ಒಡೆಯಿತು. ಮೇಲಿನ ಷಡ್ಜಕ್ಕೆ ಹೋದರೆ ಬರೀ ಗಾಳಿ. ವೈದ್ಯರು ಎರಡು ತಿಂಗಳು ಹಾಡಲೇಬಾರದು ಎಂದರು. ಗಂಟು ಕಟ್ಟಿಕೊಂಡು ಊರಿಗೆ ಹೊರಟವಳನ್ನು ಗುರುಗಳು ತಡೆದರು. "ಹಾಡಬೇಡ ಅಂದಿದ್ದಾರೆ, ಹೋಗು ಅಂದಿಲ್ಲವಲ್ಲ ತಂಗೀ. ಆ ಪೇಟಿ ತೆಗೆದುಕೊಂಡು ಇಲ್ಲಿ ಕೂಡು" ಎಂದು ಹಾರ್ಮೋನಿಯಂ ತೋರಿಸಿದರು.

ಅವರು ಹಚ್ಚಿದ ಕೆಲಸ ಕೇಳಲು ಬಹಳ ಸಣ್ಣದು. ಭೂಪ ಮತ್ತು ದೇಶಕಾರ ಎಂಬ ಎರಡು ರಾಗಗಳಲ್ಲೂ ಸಾ, ರೆ, ಗ, ಪ, ಧ ಎಂಬ ಅವೇ ಐದು ಶುದ್ಧ ಸ್ವರಗಳು. ಪೇಟಿಯ ಮೊದಲ ಕರಿ ಮನೆಯನ್ನು, ಅಂದರೆ ಕರಿ ಒಂದನ್ನು, ಷಡ್ಜ (ಸಾ) ಮಾಡಿಕೊಂಡರೆ ನಾಲ್ಕು ಸ್ವರ ಕರಿ ಮನೆಗಳ ಮೇಲೆ, ಗಾಂಧಾರ (ಗ) ಒಂದೇ ಬಿಳಿಯ ಮೇಲೆ. ನಾನು ಬೆನ್ನು ಹಾಕಿ ಕುಳಿತು ಒಂದಾದ ಮೇಲೆ ಒಂದು ನುಡಿಸಬೇಕು, ಹಿಂದೆ ಕುಳಿತವರು ಯಾವುದು ಯಾವ ರಾಗವೆಂದು ಹೇಳಬೇಕು. ಮೊದಲ ದಿನ ಎರಡು ಸಲವೂ ಎಲ್ಲರೂ "ಭೂಪ" ಎಂದರು. ಭೂಪದ ವಾದಿ, ಅಂದರೆ ಮುಖ್ಯ ಸ್ವರ, ಗಾಂಧಾರ; ದೇಶಕಾರದ್ದು ಧೈವತ (ಧ) ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ, ಬೆರಳಿಗೆ ಆ ಸುದ್ದಿ ತಲುಪಿರಲಿಲ್ಲ. ಗುರುಗಳು ನನ್ನ ಬೆರಳನ್ನು ಧೈವತದ ಮೇಲೆ ಒತ್ತಿ ಹಿಡಿದರು. "ಇಲ್ಲಿ ಮನೆ ಮಾಡು. ರಿಷಭದ ಮೇಲೆ ಕಾಲೂರಬೇಡ, ಹಾಗೇ ದಾಟಿ ಹೋಗು." ಮೂರು ವಾರ ಬೇಕಾಯಿತು. ಒಂದು ಮುಂಜಾನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಸಹಪಾಠಿಯೊಬ್ಬಳು, ನಾನು ನುಡಿಸುತ್ತಿದ್ದುದಕ್ಕೆ ತಾನಾಗಿಯೇ ದೇಶಕಾರದ ಬಂದಿಶ್ ಗುನುಗುತ್ತ ಒಳಗೆ ಬಂದಳು. ಗುರುಗಳು ತಲೆ ಎತ್ತಲಿಲ್ಲ, ತಬಲಾದ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದರು.

ಧ್ವನಿ ಮರಳಿ ಬಂತು. ಆದರೆ ನಾನು ಪೇಟಿ ಬಿಡಲಿಲ್ಲ.

ಇವತ್ತು ನನ್ನ ಮುಖ್ಯ ಕೆಲಸ ಸಾಥ್ ಮಾಡುವುದು, ಹಾಡುವವರ ಜೊತೆ ಪೇಟಿ ನುಡಿಸುವುದು. ಗಾಯಕರ ಎಡಗಡೆಗೆ ಕೂಡುತ್ತೇನೆ. ಅವರು ಆಲಾಪ ಬೆಳೆಸುವಾಗ ಅರ್ಧ ಉಸಿರು ಹಿಂದೆ ಇರುತ್ತೇನೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಎಳೆದರೆ ನನ್ನ ಪೇಟಿಗೆ ಅದು ಬರುವುದಿಲ್ಲ, ಅವರು ಹೋಗಿ ನಿಲ್ಲುವ ಸ್ವರದಲ್ಲಿ ಕಾಯುತ್ತೇನೆ. ಅವರು ನೀರು ಕುಡಿಯುವಾಗ ರಾಗ ಬೀಳದಂತೆ ಹಿಡಿಯುತ್ತೇನೆ. ಹಾರ್ಮೋನಿಯಂಗೆ ಮೀಂಡ್ ಇಲ್ಲ, ಶ್ರುತಿಗಳ ಸೂಕ್ಷ್ಮವಿಲ್ಲ ಎಂಬ ಕಾರಣಕ್ಕೆ ಆಕಾಶವಾಣಿ ಅದನ್ನು 1940ರಲ್ಲಿ ಹೊರಗಿಟ್ಟಿತು. 1950ರಲ್ಲಿ ಧಾರವಾಡ ನಿಲಯ ಆರಂಭವಾದಾಗಲೂ ಆ ನಿಷೇಧವಿತ್ತು, ಅದು ಸಡಿಲವಾದದ್ದು 1971ರಲ್ಲಿ. ಅದೇ ನಿಲಯದ ಧ್ವನಿಪರೀಕ್ಷೆಗೆ ಪೇಟಿ ಹೊತ್ತುಕೊಂಡು ಹೋದ ದಿನ ನನಗೆ ನೆನಪಾದದ್ದು ಇದೇ ಇತಿಹಾಸ. ಈಗ ನಾನು ಅಲ್ಲಿಯ 'ಬಿ ಹೈ' ಶ್ರೇಣಿಯ ಕಲಾವಿದೆ.

ಹಣದ ಮಾತನ್ನೂ ಬಿಚ್ಚಿ ಹೇಳಬೇಕು. ಸಾಥ್ ಒಂದರಿಂದಲೇ ಮನೆ ನಡೆಯುವುದಿಲ್ಲ. ಶ್ರಾವಣದಿಂದ ದೀಪಾವಳಿಯವರೆಗೆ ಕೈ ತುಂಬ ಕಾರ್ಯಕ್ರಮ, ಆಷಾಢದಲ್ಲಿ ಪೇಟಿಯ ಮೇಲೆ ಧೂಳು. ಅದಕ್ಕೇ ಸಂಜೆ ಗಂಧರ್ವ ಮಹಾವಿದ್ಯಾಲಯದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ಬೆಳಿಗ್ಗೆ ಐದೂವರೆಗೆ ಹೊರದೇಶದ ಕನ್ನಡ ಮಕ್ಕಳಿಗೆ ಮೊಬೈಲ್ ಮುಂದೆ ಪಾಠ. ನೃತ್ಯ ಶಾಲೆಯವರಿಗೆ, ರಂಗಗೀತೆ ಹಾಡಿಸುವವರಿಗೆ ಸ್ವರಲಿಪಿ ಬರೆದುಕೊಡುತ್ತೇನೆ. ಒಂದು ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಲ್ಲಿ ಸಂಬಳ ಐದೈದು ತಿಂಗಳು ತಡವಾಗುತ್ತಿತ್ತು, ಕೇಳಿದರೆ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಬಿಟ್ಟೆ. ಇವತ್ತಿಗೂ ಅದು ನೆನಪಾದರೆ ಸಿಟ್ಟು ಬರುತ್ತದೆ, ಏಕೆಂದರೆ ಆ ಮಕ್ಕಳು ಚೆನ್ನಾಗಿದ್ದರು.

ಡಿಗ್ರಿಗೆ ನನ್ನ ತರಗತಿಯಲ್ಲಿ ಹನ್ನೊಂದು ಜನ ಇದ್ದೆವು. ಕಛೇರಿಯನ್ನೇ ನಂಬಿ ಬದುಕುತ್ತಿರುವವನು ಒಬ್ಬನೇ. ಒಬ್ಬಳು ಕೇಂದ್ರೀಯ ವಿದ್ಯಾಲಯದಲ್ಲಿ ಸಂಗೀತ ಶಿಕ್ಷಕಿ, ಖಾಯಂ ನೌಕರಿ. ಒಬ್ಬ ಉಪನ್ಯಾಸಕರಾಗಲು, ಸಂಶೋಧನೆ ಮಾಡಲು ಬರೆಯುವ ನೆಟ್ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಹೋದ. ಅದರಲ್ಲೂ ಸಂಗೀತಕ್ಕೆ ಪ್ರತ್ಯೇಕ ಪತ್ರಿಕೆ ಇದೆ ಎಂಬುದು ನಮ್ಮೂರಿನ ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ. ಇನ್ನೊಬ್ಬ ಬೆಂಗಳೂರಿನ ಸ್ಟುಡಿಯೋದಲ್ಲಿ ಧ್ವನಿ ಸಂಕಲನ ಮಾಡುತ್ತಾನೆ; ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಹಿಡಿಯುತ್ತಾನೆಂದು ಅವನನ್ನೇ ಕರೆಯುತ್ತಾರಂತೆ. ಇಬ್ಬರು ಬ್ಯಾಂಕು ಸೇರಿದರು. ಅವರನ್ನು ಸೋತವರೆಂದು ನಾನು ಎಣಿಸುವುದಿಲ್ಲ, ಕಾರ್ಯಕ್ರಮವಿದ್ದರೆ ಮೊದಲ ಸಾಲಿನಲ್ಲಿ ಅವರೇ ಇರುತ್ತಾರೆ.

ಇದರಲ್ಲಿ ಅರ್ಧದಷ್ಟನ್ನು ಆ ತಂದೆಗೆ ಹೇಳಿದೆ. ಮಗಳು ದೊಡ್ಡ ಗಾಯಕಿಯಾಗುತ್ತಾಳೆಂದು ನಾನು ಮಾತು ಕೊಡಲಾರೆ, ಕಿವಿ ತಯಾರಾದರೆ ಕೆಲಸ ಸಿಗುತ್ತದೆಂದು ಕೊಡಬಲ್ಲೆ ಎಂದೆ. ಅವರು ಸುಮ್ಮನೆ ಕುಳಿತರು. ನಾನು ಪೇಟಿ ಎಳೆದುಕೊಂಡು ಭೂಪ ನುಡಿಸಿದೆ, ಆಮೇಲೆ ದೇಶಕಾರ. ದೇಶಕಾರ ಬೆಳಗಿನ ರಾಗ, ಸಂಜೆ ನುಡಿಸುವ ರೂಢಿಯಿಲ್ಲ. ಆದರೂ ತೋರಿಸಲೆಂದು ನುಡಿಸಿದೆ.

"ಎರಡೂ ಸಲ ಅವೇ ಮನೆ ಒತ್ತಿದಿರಲ್ಲ" ಎಂದರು ತಂದೆ. ಗುಮಾಸ್ತರ ಕಣ್ಣು, ನಮ್ಮಪ್ಪನದೇ.

"ಅವೇ, ಅಪ್ಪಾ. ಆದರೆ ಎರಡನೆಯದು ಮೇಲೆಲ್ಲೋ ಕೂತಿದೆ" ಎಂದಳು ಹುಡುಗಿ. ಹಾವೇರಿ ಬಸ್ಸಿಗೆ ಹೊತ್ತಾಗಿತ್ತು. ಅವಳು ನನ್ನ ಬೆರಳಿನ ಹತ್ತಿರಕ್ಕೆ ಸರಿದು ಕುಳಿತು, ಇನ್ನೊಮ್ಮೆ ನುಡಿಸಿರಿ ಎಂದಳು.