ಗುದ್ದಿದವನು ನಿಂತು ಕಾಯಬೇಕು

ಶನಿವಾರ ರಾತ್ರಿ ಒಂಬತ್ತೂವರೆಗೆ ಬಾಗಲಕೋಟೆ ನವನಗರದ ನಮ್ಮ ಮಹಡಿ ಮೇಲೆ ಇಟಲಿಯ ಕಾರ್ ರೇಸ್ ಟ್ರ್ಯಾಕ್ ಮೊನ್ಜಾ ಶುರುವಾಗುತ್ತದೆ, ಕಂಪ್ಯೂಟರ್ ಪರದೆ ಮೇಲೆ. ಕಾರ್ ರೇಸಿನ ಆಟ, ಹೆಸರು ಅಸೆಟ್ಟೊ ಕೋರ್ಸಾ. 2014ರದ್ದು, ಹಳೇದೇ. ನನ್ನ ಕಂಪ್ಯೂಟರ್ ಅದಕ್ಕಿಂತ ಹೊಸದೇನಲ್ಲ ಬಿಡಿ. ಇಳಕಲ್ಲು, ಜಮಖಂಡಿ, ವಿಜಯಪುರ, ಇಲ್ಲಿಯವರು ಎಲ್ಲ ನೆಟ್ ಮೇಲೆ ಸೇರಿ ಹನ್ನೆರಡು ಹದಿನಾಲ್ಕು ಮಂದಿ. ಎಲ್ಲರಿಗೂ ಒಂದೇ ಕಾರು, ಮಾಜ್ದಾ ಎಂಎಕ್ಸ್-5. ಜೋರಿಲ್ಲದ ಕಾರನ್ನು ಬೇಕಂತಲೇ ಇಟ್ಟಿದ್ದೇನೆ.

ಮೊನ್ಜಾದ ಮೊದಲ ತಿರುವು ಆಡಿದವರಿಗೆ ಗೊತ್ತು. ಉದ್ದನೆಯ ನೇರ ದಾರಿ, ಕೊನೆಗೆ ತಟ್ಟನೆ ಬಲಕ್ಕೆ, ಕೂಡಲೇ ಎಡಕ್ಕೆ. ನಾವು ಶುರು ಮಾಡಿದಾಗ ಅಲ್ಲಿ ಪ್ರತಿ ವಾರ ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್‌ಗಳು ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ರೇಸ್ ಹದಿನೈದು ನಿಮಿಷ, ಆಮೇಲಿನ ಜಗಳ ಒಂದು ತಾಸು.

ಒಂದು ರಾತ್ರಿ ನಮ್ಮ ಕಾಕಾ ಹಿಂದೆ ನಿಂತು ನೋಡುತ್ತಿದ್ದರು. ಅವರು ವಯಸ್ಸಿನಲ್ಲಿ ಸೈಕಲ್ ರೇಸ್ ಓಡಿದವರು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಸೈಕಲ್ ಹುಚ್ಚು ಎಷ್ಟಿದೆ ಅಂತ ಹೇಳಬೇಕಾಗಿಲ್ಲ. ಯಾರೋ ಹಿಂದಿನಿಂದ ತಾಗಿಸಿದರು. ನನ್ನ ಕಾರು ಗಿರ್ರನೆ ತಿರುಗಿ ಮರಳಿಗೆ ಹೋಯಿತು. ಅವನು ಆರಾಮಾಗಿ ಮುಂದೆ ಹೋದ.

“ಹಿಂದಿಂದ ಗುದ್ದಿದಾಂವ ಅವ. ಬಿದ್ದಾಂವ ನೀ ಹೆಂಗಾದಿ?” ಅಂದರು ಕಾಕಾ.

ಸೈಕಲ್‌ನಲ್ಲಿ ಉಲ್ಟಾ. ಮುಂದಿನವನ ಹಿಂದಿನ ಗಾಲಿಗೆ ನಿಮ್ಮ ಮುಂದಿನ ಗಾಲಿ ತಾಗಿದರೆ ಸಾಮಾನ್ಯವಾಗಿ ನೆಲ ಕಾಣುವವರು ನೀವೇ. ಮೊಣಕಾಲು ಸುಲಿಯುತ್ತೆ ಅನ್ನೋ ಭಯಕ್ಕೇ ಎಲ್ಲರೂ ಒಂದು ಗೇಣು ಬಿಟ್ಟು ಹೋಗುತ್ತಾರೆ. ಆಟದಲ್ಲಿ ಸುಲಿಯೋಕೆ ಮೊಣಕಾಲೇ ಇಲ್ಲ. ಅದಕ್ಕೇ ಆ ನೋವನ್ನು ನಾವೇ ತಂದಿಡಬೇಕು ಅಂತ ಒಂದು ನಿಯಮ ಮಾಡಿದೆ. ಗುದ್ದಿ ಒಬ್ಬರನ್ನು ತಿರುಗಿಸಿದರೆ, ದಾರಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಅವರು ಎದ್ದು ಮುಂದೆ ಹೋದ ಮೇಲೆ ಹೊರಡಬೇಕು. ಅಂಕ ಕಡಿಯೋದು, ವಿಚಾರಣೆ ಮಾಡೋದು, ಏನೂ ಇಲ್ಲ.

ಆದರೆ ಗುದ್ದಿದ್ದು ಯಾರು? ಇಲ್ಲೇ ನನಗೆ ಜಾಸ್ತಿ ತಲೆನೋವಾಗಿದ್ದು. ಜಮಖಂಡಿಯ ಗೆಳೆಯ ಒಮ್ಮೆ ರೀಪ್ಲೇ ಕಳಿಸಿದ. ಅದರಲ್ಲಿ ನಾನು ಅವನಿಗೆ ಚೆನ್ನಾಗೇ ಗುಮ್ಮಿದ್ದೆ. ನನ್ನ ರೀಪ್ಲೇ ತೆಗೆದು ನೋಡಿದರೆ ನಡುವೆ ಜಾಗ ಕಾಣುತ್ತಿದೆ! ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಗಂಟೆಗೆ 150 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ನೆಟ್ ಸೆಕೆಂಡಿನ ಹತ್ತನೇ ಒಂದು ಪಾಲು ತಡ ಮಾಡಿದರೆ 4 ಮೀಟರ್ ಹೋಯಿತು, ಅಂದರೆ ಹೆಚ್ಚುಕಮ್ಮಿ ಒಂದು ಮಾಜ್ದಾ ಉದ್ದ. ಎದುರಿನವನ ಕಾರು ನಿಮ್ಮ ಪರದೆ ಮೇಲೆ ಕಾಣುವ ಜಾಗದಲ್ಲಿ ನಿಜಕ್ಕೂ ಇರೋದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ಆಟ ಅದನ್ನು ಅಂದಾಜು ಮಾಡಿ ತೋರಿಸುತ್ತಿರುತ್ತದೆ, ಅಷ್ಟೇ. ಅವತ್ತಿಂದ ಪಿಂಗ್, ಅಂದರೆ ನೆಟ್ ಮಾಡುವ ಈ ತಡ, ಜಾಸ್ತಿ ಇದ್ದವರು ಹಿಂದಿನಿಂದ ಶುರು ಮಾಡಬೇಕು, ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಬಂದವರು ಆಡದೆ ನೋಡಬೇಕು ಅಂತ ಮಾಡಿದೆ. ಇಬ್ಬರು ಸಿಟ್ಟಾಗಿ ಬಿಟ್ಟುಹೋದರು. ಹೋಗಲಿ.

ಇನ್ನೊಂದು ಕೆಲಸಕ್ಕೆ ಬಂದದ್ದು ಎರಡನೇ ರೇಸಿನ ಉಲ್ಟಾ ಸಾಲು. ಮೊದಲ ರೇಸ್ ಗೆದ್ದವನು ಕೊನೆಗೆ ನಿಲ್ಲುತ್ತಾನೆ. ಇದು ನಮ್ಮೆಲ್ಲರನ್ನೂ ಜೋಡಿಸುವ ಆಟದ ಸರ್ವರ್‌ನಲ್ಲೇ ಇರುವ ಸೆಟ್ಟಿಂಗ್. ಜೋರಾಗಿ ಓಡಿಸುವವನಿಗೆ ಹೊಸಬರ ನಡುವೆ ದಾರಿ ಕೇಳಿಕೊಂಡು ಬರೋದು ಆಗ ಗೊತ್ತಾಗುತ್ತದೆ.

ಹೋದ ಶನಿವಾರ ಕೊನೇ ಸುತ್ತಿನಲ್ಲಿ ನಾನು ಮೂರನೇ ಜಾಗದಲ್ಲಿದ್ದೆ. ಕಾಲೇಜು ಓದುವ ಇಳಕಲ್ಲಿನ ಹುಡುಗ, ಬಂದು ಇನ್ನೂ ಎರಡನೇ ವಾರ, ಅದೇ ಮೊದಲ ತಿರುವಿನಲ್ಲಿ ಬ್ರೇಕ್ ತಡವಾಗಿ ಹಿಡಿದು ಬಂದು ಬಡಿದ. ನಾನು ಹಿಂದುಮುಂದಾಗಿ ನಿಂತೆ. ಅವನು ಪಕ್ಕಕ್ಕೆ ಸರಿದ. ಒಂದಾದ ಮೇಲೊಂದು ಐದು ಕಾರು ನಮ್ಮನ್ನು ದಾಟಿದವು. ನನ್ನ ಗಾಡಿ ಹುಲ್ಲಿನಲ್ಲಿ ಜಾರುತ್ತಿತ್ತು, ತಿರುಗೋಕೆ ಒಪ್ಪದು. ಅವನು ಅಲ್ಲೇ ನಿಂತಿದ್ದ. ಪರದೆ ಮೇಲೆ ಒಂದು ಸಾಲು ಬಂತು: “ತಪ್ಪಾತ್ರಿ ಅಣ್ಣಾ, ನೀವ್ ಹೋಗ್ರಿ.”

ನಾನು ಎಂಟನೆಯವನು, ಅವನು ಒಂಬತ್ತನೆಯವನು. ಈ ವಾರ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕ್, ಕರೆಂಟು ಕೈಕೊಡದಿದ್ದರೆ. ಅಲ್ಲಿ ಪಕ್ಕಕ್ಕೆ ಸರಿದು ನಿಲ್ಲೋಕೆ ಮೊನ್ಜಾದಷ್ಟು ಜಾಗ ಇಲ್ಲ. ಹುಡುಗನಿಗೆ ಬ್ರೇಕ್ ಎಲ್ಲಿ ಹಿಡೀಬೇಕು ಅಂತ ಶುಕ್ರವಾರ ರಾತ್ರಿ ಕೂತು ತೋರಿಸಬೇಕು.